ಖಾಲಿ ಡಿಕ್ಕಿಯ ಭಾರ

ನಮ್ಮ ಮೊಹಲ್ಲಾಕ್ಕೆ ಕಾರು ಬಂದರೆ ಜನ ಮೊದಲು ನೋಡುವುದು ಓಡಿಸುವವನ ಮುಖವನ್ನಲ್ಲ, ಕಾರಿನ ಹಿಂಭಾಗವನ್ನು. ಹಿಂಭಾಗ ತಗ್ಗಿದ್ದರೆ ಬಂದವನು ದೊಡ್ಡ ಮನುಷ್ಯ. ಎತ್ತರವಿದ್ದರೆ ಬರೀ ನೆಂಟ. ಇದಕ್ಕೆ ಕಾರಣವೂ ಇದೆ. ತಾಷ್ಕೆಂಟಿನಿಂದ ದೂರದ ನಮ್ಮ ಊರು ಕಟ್ಟಾಕೂರ್ಗಾನಿನಲ್ಲಿ ಯಾರೂ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಎರಡು ರೊಟ್ಟಿ, ಒಂದು ಚೀಲ ಅಕ್ಕಿ, ನಾಲ್ಕು ಖರಬೂಜ, ಸ್ವಲ್ಪ ದೊಡ್ಡ ಸಮಾರಂಭವಾದರೆ ಒಂದು ಕುರಿ, ಎಲ್ಲವೂ ಡಿಕ್ಕಿಯಲ್ಲೇ ಬರುತ್ತವೆ. ಡಿಕ್ಕಿ ತುಂಬಿದಷ್ಟೂ ಕಾರು ಹಿಂದಕ್ಕೆ ಕುಕ್ಕರಿಸುತ್ತದೆ. ಬೀದಿಯ ತುದಿಯಲ್ಲಿ ಕಾರು ತಿರುಗಿದ ಕೂಡಲೇ ಕಿಟಕಿಯಲ್ಲಿ ಕೂತ ಮುದುಕಿ ಎಷ್ಟು ಅಕ್ಕಿ ನೆನೆಹಾಕಬೇಕು ಎಂದು ನಿರ್ಧರಿಸಿಬಿಡುತ್ತಾಳೆ.

ನಾನು ಈ ಬೀದಿಯ ಕ್ಷೌರಿಕ. ಚಹಾದಂಗಡಿಯ ಎದುರಿಗೇ ನನ್ನ ಅಂಗಡಿ. ಮೂವತ್ತು ವರ್ಷದಿಂದ ಜನರ ತಲೆಗಳನ್ನೂ ಕಾರುಗಳ ಹಿಂಭಾಗಗಳನ್ನೂ ನೋಡುತ್ತ ಬಂದಿದ್ದೇನೆ. ಎರಡರಲ್ಲಿ ಹಿಂಭಾಗವೇ ಹೆಚ್ಚು ನಿಜ ಹೇಳುತ್ತದೆಂದು ನಂಬಿದ್ದೆ. ಆ ನಂಬಿಕೆಯನ್ನು ಹಾಳುಮಾಡಿದ್ದು ನಾರ್ಬೂತ ಮೇಷ್ಟ್ರ ಜಿಗುಲಿ ಕಾರು.

ಮೇಷ್ಟ್ರು ನನ್ನ ಪಕ್ಕದ ಮನೆಯವರು. ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಇರುವೆಗೂ ನೋವು ಮಾಡದವರು. ಆದರೆ ಯಾವ ಸಣ್ಣ ಕೆಲಸವನ್ನೂ ಸೂತ್ರವಿಲ್ಲದೆ ಮಾಡಲಾರರು, ಸೂತ್ರವಿದ್ದರೂ ಸರಿಯಾಗಿ ಮಾಡಲಾರರು. ಒಮ್ಮೆ ನನ್ನ ಅಂಗಡಿಯಲ್ಲಿ ಕೂತು, ಒಂದು ಬಟ್ಟಲು ಚಹಾ ಎಷ್ಟು ನಿಮಿಷದಲ್ಲಿ ಆರುತ್ತದೆಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಉತ್ತರ ಬರುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಆ ಕಾರನ್ನು ಅವರು ಕೊಂಡದ್ದು ಮಿರ್ಜಾಚೂಲಿನ ಒಬ್ಬ ಖರಬೂಜದ ವ್ಯಾಪಾರಿಯಿಂದ. ಅವನು ಹಿಂದಿನ ಚಕ್ರಗಳ ಮೇಲೆ ಮಾಮೂಲಿ ಸ್ಪ್ರಿಂಗ್ ತೆಗೆಸಿ, ಹೆಬ್ಬೆರಳು ದಪ್ಪದ ಕಂಬಿಯ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದ. ಅರ್ಧ ಹೊಲ ತುಂಬಿದರೂ ಕಾರು ನೆಟ್ಟಗೆ ನಿಲ್ಲುತ್ತಿತ್ತು. ತುಂಬದಿದ್ದರೆ ಮೂತಿ ನೆಲ ಮೂಸುತ್ತ, ಹಿಂಭಾಗ ಆಕಾಶ ನೋಡುತ್ತ ನಿಲ್ಲುತ್ತಿತ್ತು. ಮೇಷ್ಟ್ರ ಬಳಿ ಹೊಲವೂ ಇರಲಿಲ್ಲ, ಖರಬೂಜವೂ ಇರಲಿಲ್ಲ.

ಆ ವಸಂತದಲ್ಲಿ ಮೇಷ್ಟ್ರೂ ಅವರ ಹೆಂಡತಿ ಬಿಸಾರಕ್ಕನೂ ಮಗ ಸುಹ್ರೋಬನಿಗೆ ಹೆಣ್ಣು ಕೇಳಲು ಊರಾಚೆಯ ಮೊಹಲ್ಲಾಕ್ಕೆ ಹೋದರು. ಹುಡುಗಿ ಮೋಹಿನೂರ್. ಅವಳಪ್ಪ ಕಮೋಲಿದ್ದೀನ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಸಾಧು ಮನುಷ್ಯ. ಮೇಷ್ಟ್ರು ರೊಟ್ಟಿ, ಮಿಠಾಯಿ, ಒಂದು ಥಾನು ರೇಷ್ಮೆ ಎಲ್ಲವನ್ನೂ ಕ್ರಮವಾಗಿಯೇ ಒಯ್ದಿದ್ದರು. ಆದರೆ ಆ ಸ್ಪ್ರಿಂಗಿಗೆ ಅದೆಲ್ಲ ಯಾವ ಲೆಕ್ಕ! ಹುಡುಗಿಯ ಅಜ್ಜಿ ಕಿಟಕಿಯಿಂದ ನೋಡಿ, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದರಂತೆ: "ಅಯ್ಯೋ, ಹೆಣ್ಣು ಕೇಳೋಕೆ ಬರೀ ಡಬ್ಬ ತಂದವ್ರಲ್ಲೇ! ಕಾರು ನೋಡು, ಕಾಳು ಹೆಕ್ಕೋ ಕೋಳಿ ಥರ ಬಾಲ ಎತ್ಕೊಂಡು ನಿಂತಿದೆ."

ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರಿಂದ ಮಾತುಕತೆ ಮುಂದುವರಿಯಿತು. ರೊಟ್ಟಿ ಮುರಿಯುವ ಶಾಸ್ತ್ರಕ್ಕೆ ಒಂದು ಭಾನುವಾರ ಗೊತ್ತಾಯಿತು. ನಮ್ಮಲ್ಲಿ ಗಂಡಿನ ಕಡೆಯವರು ತಂದ ರೊಟ್ಟಿಯನ್ನು ಹೆಣ್ಣಿನ ಮನೆಯಲ್ಲಿ ಹಿರಿಯರೊಬ್ಬರು ಮುರಿದರೆ ಮುಗಿಯಿತು, ಆಮೇಲೆ ಸಂಬಂಧವನ್ನು ಯಾರೂ ಮುರಿಯುವಂತಿಲ್ಲ. ಆದರೆ ಸಂಬಂಧ ಕೂಡಿಸುತ್ತಿದ್ದ ಅಂಬರ್ ಚಿಕ್ಕಮ್ಮ ಅಜ್ಜಿಯ ಕೋಳಿಯ ಮಾತನ್ನೂ ಹೊತ್ತು ತಂದು ಮೇಷ್ಟ್ರ ಅಂಗಳದಲ್ಲಿ ಇಳಿಸಿ ಹೋದರು.

ಮೇಷ್ಟ್ರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ, ಅಂದರೆ ಆ ಭಾನುವಾರಕ್ಕೆ ಇನ್ನು ಆರು ದಿನ ಇದೆ ಅನ್ನುವಾಗ, ಹೆಂಡತಿಗೆ ಹೇಳಿದರು:

"ಬಿಸಾರ, ಕಾರು ಇಳಿಸ್ತೀನಿ."

"ಮಾರ್ತೀರಾ? ದೇವರು ಒಳ್ಳೇದು ಮಾಡ್ಲಿ."

"ಮಾರೋದಲ್ಲ ಕಣೇ. ಹಿಂದ್ಗಡೆ ಇಳಿಸ್ತೀನಿ. ಈ ಸಲ ಆ ಅಜ್ಜಿ ಕೋಳಿ ಅನ್ಬಾರ್ದು."

*

ಉಸ್ತಾದ್ ಎನ್ವೆರ್ ನಮ್ಮ ಊರಿನ ಒಳ್ಳೆಯ ಮೆಕ್ಯಾನಿಕ್. ಮಾತು ಕಡಿಮೆ, ಆಡಿದ ಮಾತೆಲ್ಲ ಖಾರ. ಮೇಷ್ಟ್ರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು, ಸಾಕ್ಷಿಗೆ. ಎನ್ವೆರ್ ಜಾಕಿ ಕೊಟ್ಟು ಕಾರನ್ನೆತ್ತಿ, ಕೆಳಗೆ ನುಸುಳಿ, ಹೊರಗೆ ಬಂದು ಕೈ ಒರೆಸಿಕೊಂಡ.

"ಒಂದು ಸುತ್ತು ಕತ್ತರಿಸಿದ್ರೆ ಸಾಕು, ಮೇಷ್ಟ್ರೇ. ನೆಟ್ಟಗೆ ಕೂತ್ಕೊಳುತ್ತೆ."

"ಒಂದು ಸುತ್ತು ಅಂತ ಹೇಗೆ ಹೇಳ್ತೀಯಾ? ಅಳತೆ ಎಲ್ಲಿ? ಲೆಕ್ಕ ಎಲ್ಲಿ?"

"ಲೆಕ್ಕ ಕಣ್ಣಲ್ಲಿದೆ."

"ಕಣ್ಣು ಮೋಸ ಮಾಡುತ್ತೆ, ಸೂತ್ರ ಮಾಡಲ್ಲ," ಎಂದು ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಅದು ಅವರ ಎಲ್ಲ ಜೇಬುಗಳಲ್ಲೂ ಇರುತ್ತದೆ. ಟೇಪು ಹಿಡಿದು ನೆಲದಿಂದ ಚಕ್ರದ ಮೇಲಿನ ಅಂಚಿನವರೆಗೆ ಅಳೆದರು. ಗ್ಯಾರೇಜಿನ ಕಬ್ಬಿಣದ ಬಾಗಿಲ ತುಂಬ ಅಂಕಿ ಬರೆದರು. ಕಾಲು ಗಂಟೆಯಾದ ಮೇಲೆ ಕೆಳಗೆ ಎರಡು ಗೆರೆ ಎಳೆದು ಘೋಷಿಸಿದರು: "ಎರಡೂವರೆ ಸುತ್ತು."

"ಎರಡೂವರೆನಾ! ಮೇಷ್ಟ್ರೇ, ಹೊಟ್ಟೆ ನೆಲಕ್ಕೆ ಉಜ್ಜುತ್ತೆ."

"ನಿನಗೆ ಬಲದ ನಿಯಮ ಗೊತ್ತೋ, ನನಗೆ ಗೊತ್ತೋ?"

ಎನ್ವೆರ್ ನನ್ನ ಮುಖ ನೋಡಿದ. ನಾನು ಬಾಗಿಲ ಮೇಲಿನ ಅಂಕಿಗಳನ್ನು ನೋಡಿದೆ. ಅವು ಬಹಳ ಅಂದವಾಗಿದ್ದವು. ಅವನು ಭುಜ ಕುಣಿಸಿ ಕಟ್ಟರಿನ ಗುಂಡಿ ಒತ್ತಿದ. ಕಿಡಿ ಹಾರಿತು. ಎರಡೂವರೆ, ಎರಡೂವರೆ, ಒಟ್ಟು ಐದು ಸುತ್ತು ಸ್ಪ್ರಿಂಗು ನೆಲದ ಮೇಲೆ ಉರುಳಿತು. ಶಾಕ್ ಅಬ್ಸಾರ್ಬರ್ ಮತ್ತೆ ಬಿಗಿದು, ಚಕ್ರ ಹಾಕಿ, ಜಾಕಿ ಇಳಿಸಿದ. ಕಾರು ಇಳಿಯಿತು, ಇನ್ನೂ ಇಳಿಯಿತು, ಇಳಿಯುತ್ತಲೇ ಹೋಗಿ ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಹಿಂದಿನ ಚಕ್ರಗಳು ಅರ್ಧಕ್ಕರ್ಧ ಒಳಗೆ ಅಡಗಿದ್ದವು.

ಎನ್ವೆರ್ ಮೊದಲು ಚಕ್ರ ನೋಡಿದ, ಆಮೇಲೆ ಬಾಗಿಲು ನೋಡಿದ.

"ಮೇಷ್ಟ್ರೇ," ಎಂದ ಎನ್ವೆರ್ ಬಹಳ ಮೃದುವಾಗಿ, "ನೀವು ಅಳೆದಾಗ ಕಾರು ಜಾಕಿ ಮೇಲಿತ್ತಲ್ವಾ?"

ಮೇಷ್ಟ್ರು ಬಾಗಿಲ ಹತ್ತಿರ ಹೋಗಿ ತೋಳಿನಿಂದ ಲೆಕ್ಕವನ್ನು ಒರೆಸಿದರು.

ಎನ್ವೆರ್ ಇನ್ನೊಂದು ಮಾತು ಹೇಳಿದ. ಆ ಕಾರಿನ ಅಡಿಯಲ್ಲಿ ಒಂದು ಸಲಾಕೆ ಇದೆಯಂತೆ, ಮೆಕ್ಯಾನಿಕ್‌ಗಳು ಅದನ್ನು 'ಮಂತ್ರವಾದಿ' ಅನ್ನುತ್ತಾರೆ. ಹಿಂಭಾಗ ತಗ್ಗಿದರೆ ಭಾರ ಹೇರಿದ್ದಾರೆಂದು ತಿಳಿದು, ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಕೊಡುವುದು ಅದರ ಕೆಲಸ. "ಅದನ್ನೂ ಸರಿ ಮಾಡ್ಬೇಕು. ಬೋಲ್ಟು ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟಿದೀನಿ. ನಾಳೆ ಬನ್ನಿ. ಅಲ್ಲೀತನಕ ಕಾರೇ ತನ್ನ ಮೇಲೆ ಭಾರ ಇದೆ ಅಂದ್ಕೊಂಡಿರುತ್ತೆ, ಹುಷಾರು."

ಮೇಷ್ಟ್ರು ಮಾರನೆಯ ದಿನ ಹೋಗಲಿಲ್ಲ. ಆ ಬಾಗಿಲಿಗೆ ಮುಖ ತೋರಿಸಲು ನಾಚಿಕೆ.

*

ಸ್ಪ್ರಿಂಗ್ ಕತ್ತರಿಸಿದ ದಿನವೇ ಸಂಜೆ ಕಾರು ಮೊಹಲ್ಲಾ ಹೊಕ್ಕಿತು. ಚಹಾದಂಗಡಿಯ ಮಂಚದ ಮೇಲೆ ಕೂತಿದ್ದವರೆಲ್ಲ ಬಟ್ಟಲು ಕೆಳಗಿಟ್ಟರು. ಮೊಹಲ್ಲಾದ ಹಿರಿಯರಾದ ತುರ್ದಿಮುರೋದಜ್ಜ ಕನ್ನಡಕ ಏರಿಸಿದರು.

"ಲೋ ನಾರ್ಬೂತ, ಏನೋ ಅದು, ಅಷ್ಟೊಂದು ತುಂಬ್ಕೊಂಡು ಬಂದಿದೀಯ?"

"ಏನೂ ಇಲ್ಲ ಅಜ್ಜ."

ಇಷ್ಟು ಸಾಕಾಯಿತು. ನಮ್ಮಲ್ಲಿ ಏನೋ ಒಂದಿಷ್ಟು ತಂದವನು 'ತಂದಿದೀನಿ' ಅನ್ನುತ್ತಾನೆ. ಬಹಳ ತಂದವನು ಮಾತ್ರ 'ಏನೂ ಇಲ್ಲ' ಅನ್ನುತ್ತಾನೆ.

"ಅಕ್ಕಿ ಇರ್ಬೇಕು. ಎರಡು ಮೂಟೆ," ಎಂದ ಚಹಾದಂಗಡಿಯವನು.

"ಎರಡು ಮೂಟೆಗೆ ಅಷ್ಟು ಕುಸಿಯುತ್ತಾ? ಆ ಸ್ಪ್ರಿಂಗು ಖರಬೂಜದ್ದು ಕಣಪ್ಪಾ. ಟನ್ನುಗಟ್ಟಲೆ ಬೇಕು," ಎಂದರು ಅಜ್ಜ.

ಮೇಷ್ಟ್ರಿಗೆ ಕೋಪ ಬಂದು ಡಿಕ್ಕಿಯ ಮುಚ್ಚಳ ತೆಗೆದೇಬಿಟ್ಟರು. ಒಳಗೆ ಒಂದು ಜಾಕಿ, ಒಂದು ಹಳೇ ಬಟ್ಟೆ. ಎಲ್ಲರೂ ಬಗ್ಗಿ ನೋಡಿದರು. ಅವರ ಮುಖದಲ್ಲಿ ಅನುಮಾನ ಕಳೆಯುವ ಬದಲು ಗೌರವ ಮೂಡಿತು.

"ಜಾಗವೇ ತಗೊಳ್ದೆ ಇಷ್ಟೊಂದು ಭಾರ," ಎಂದು ಪಿಸುಗುಟ್ಟಿದ ಮೇಷ್ಟ್ರ ಹಳೆಯ ಶಿಷ್ಯನಾದ ರೊಟ್ಟಿಯಂಗಡಿಯವನು. "ಏಳನೇ ಕ್ಲಾಸಲ್ಲಿ ಮೇಷ್ಟ್ರೇ ಹೇಳಿಕೊಟ್ಟಿದ್ರು, ಸಾಂದ್ರತೆ ಅಂತ. ಕಬ್ಬಿಣಕ್ಕಿಂತ ಭಾರ ಸೀಸ, ಸೀಸಕ್ಕಿಂತ ಭಾರ..." ಅವನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಇಪ್ಪತ್ತೆರಡು ವರ್ಷದ ಪಾಠದಲ್ಲಿ ಒಬ್ಬನಾದರೂ ಒಂದನ್ನಾದರೂ ನೆನಪಿಟ್ಟುಕೊಂಡಿದ್ದನಲ್ಲ ಎಂದು ಮೇಷ್ಟ್ರಿಗೆ ಒಂದು ಕ್ಷಣ ಸಂತೋಷವಾಯಿತಂತೆ. ಆಮೇಲೆ ಗಾಬರಿಯಾಯಿತು. ರಾತ್ರಿ ಊಟದ ಹೊತ್ತಿಗೆ ಬಿಸಾರಕ್ಕನ ತವರಿನಿಂದ ಬಂದ ಬಂಗಾರ ಸೀಟಿನ ಕೆಳಗಿದೆ ಎಂದು ಇಡೀ ಬೀದಿಗೆ ತಿಳಿದಿತ್ತು. ಬಿಸಾರಕ್ಕನಿಗೆ ತವರಿನಿಂದ ಬಂದಿದ್ದು ಒಂದು ಹೊಲಿಗೆ ಯಂತ್ರ. ಅದರ ಸೂಜಿಯೂ ಮುರಿದಿತ್ತು.

*

ಬುಧವಾರ ಮೇಷ್ಟ್ರು ಶಾಲೆಯಿಂದ ಬರುವಾಗ ಟ್ರಾಫಿಕ್ ಇನ್ಸ್‌ಪೆಕ್ಟರ್ ಕೋಲು ಎತ್ತಿದ. ನಾನು ಪಕ್ಕದ ಸೀಟಿನಲ್ಲಿದ್ದೆ, ಆದ್ದರಿಂದ ನಡೆದದ್ದನ್ನೇ ಹೇಳುತ್ತಿದ್ದೇನೆ. ಮೇಷ್ಟ್ರು ಬ್ರೇಕು ಒತ್ತಿದರು. ಕಾರಿನಡಿಯ ಮಂತ್ರವಾದಿ ಟನ್ನುಗಟ್ಟಲೆ ಸರಕಿದೆ ಎಂದು ನಂಬಿ, ಹಿಂದಿನ ಚಕ್ರಗಳನ್ನು ಬಿಗಿಯಾಗಿ ಹಿಡಿದುಬಿಟ್ಟ. ಹಿಂಭಾಗ ಜಾರಿ, ಕಾರು ಪೂರ್ತಿ ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಇನ್ಸ್‌ಪೆಕ್ಟರ್ ನಿಧಾನವಾಗಿ ಬಂದು ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದ.

"ಎಲ್ಲಿಗೆ ಹೊರಟಿದ್ರಿ, ಅಣ್ಣ? ಆ ಕಡೆಗಾ, ಈ ಕಡೆಗಾ?"

"ಮನೆಗೆ."

ಅವನು ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದ. "ಸ್ಪ್ರಿಂಗ್ ಕತ್ತರಿಸಿದ್ದೀರಾ? ಅನುಮತಿ ಇಲ್ದೆ ಕತ್ತರಿಸಿದ್ರೆ ನಂಬರ್ ಪ್ಲೇಟು ಬಿಚ್ಚಿಟ್ಕೋತೀವಿ, ಗೊತ್ತಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇರೆ. ನಮ್ಮ ಮೇಷ್ಟ್ರು ಕುಂಬಳಕಾಯಿಯನ್ನೇ ತೆಗೆದು ಕೈಗೆ ಕೊಡುವ ಜಾತಿ. ಆದರೆ ಭಾನುವಾರ ಕಾರು ಬೇಕಿತ್ತು. ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಲು ಬಾಯಿ ತೆರೆದರು.

"ಕತ್ತರಿಸಿಲ್ಲ ಸಾರ್. ಅದು... ಅದು ಭಾರ."

"ಏನು ಭಾರ?"

ಸುಳ್ಳು ಅಷ್ಟರಲ್ಲೇ ಮುಗಿದುಹೋಗಿತ್ತು. ಮೇಷ್ಟ್ರು ನನ್ನನ್ನು ನೋಡಿದರು. ನಾನು ಕಿಟಕಿಯಾಚೆಯ ಹತ್ತಿಯ ಹೊಲವನ್ನು ನೋಡಿದೆ. ಆಗ ಇನ್ಸ್‌ಪೆಕ್ಟರನ ಮುಖ ಅರಳಿತು.

"ನೀವು ನಾರ್ಬೂತ ಮೇಷ್ಟ್ರಲ್ವಾ? ಭಾನುವಾರ ನಮ್ಮ ಮೋಹಿನೂರ್ ಮನೇಲಿ ರೊಟ್ಟಿ ಮುರಿಯೋದು! ಅವಳ ತಾಯಿ ನನಗೆ ಸ್ವಂತ ಅತ್ತೆ. ಓಹೋಹೋ, ಈಗ ಅರ್ಥ ಆಯ್ತು." ಮೇಷ್ಟ್ರು ಡಿಕ್ಕಿ ತೆಗೆಯಲು ಇಳಿಯುತ್ತಿದ್ದರೆ ಅವನು ಎರಡೂ ಕೈ ಅಡ್ಡ ಹಿಡಿದ. "ಬೇಡಿ, ಬೇಡಿ! ಹೆಣ್ಣಿನ ಮನೆ ಹೆಂಗಸರು ನೋಡೋ ಮುಂಚೆ ಬೇರೆಯವರ ಕಣ್ಣು ಬೀಳಬಾರದು. ನನಗೆ ಅಷ್ಟೂ ಗೊತ್ತಿಲ್ವಾ? ಹೋಗ್ಬನ್ನಿ. ನಿಧಾನಕ್ಕೆ ಹೋಗಿ, ಒಳಗಿರೋದು ಒಡೆದೀತು."

ಅವನೇ ರಸ್ತೆ ತಡೆದು, ಒಂದು ಹಾಲಿನ ಲಾರಿಯನ್ನು ನಿಲ್ಲಿಸಿ, ನಮ್ಮ ಕಾರು ತಿರುಗಿಸಿಕೊಳ್ಳಲು ಜಾಗ ಮಾಡಿಕೊಟ್ಟ. ಸರ್ಕಾರವೇ ಮುಂದೆ ನಿಂತು ಒಪ್ಪಿದ ಮೇಲೆ ಆ ಡಿಕ್ಕಿ ಖಾಲಿ ಎಂದು ನಂಬಲು ಯಾರಿಗೆ ತಾನೇ ಧೈರ್ಯ?

*

ಗುರುವಾರ ಅಂಬರ್ ಚಿಕ್ಕಮ್ಮ ಬಂದರು. ಯಾವಾಗಲೂ ಅಂಗಳದ ಬಾಗಿಲಿನಲ್ಲೇ ಮಾತು ಶುರು ಮಾಡುವವರು ಅಂದು ಒಳಗೆ ಬಂದು ಕೂತು, ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸತೊಡಗಿದರು. ಬಿಸಾರಕ್ಕ ಚಹಾದ ಪಾತ್ರೆ ಕೆಳಗಿಟ್ಟರು.

"ಏನ್ ಚಿಕ್ಕಮ್ಮ, ಏನಾಯ್ತು?"

"ಭಾನುವಾರ ಬರ್ಬೇಡಿ ಅಂದಿದಾರೆ."

"ಯಾಕೆ? ಹುಡುಗಿ ಒಲ್ಲೆ ಅಂದ್ಳಾ?"

"ಹುಡುಗಿ ಮೂಲೇಲಿ ಕೂತು ಅಳ್ತಾ ಇದಾಳೆ. ಅವಳಪ್ಪ ಒಲ್ಲೆ ಅಂತಿರೋದು. ಇನ್ಸ್‌ಪೆಕ್ಟರ್ ಹೋಗಿ ಹೇಳಿದಾನೆ, ನೀವು ತರೋ ಮಾಲಿನ ಭಾರಕ್ಕೆ ಕಾರು ನೆಲ ಮುಟ್ಟಿದೆ ಅಂತ. ಕಮೋಲಿದ್ದೀನ್ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಬಂದ ತಟ್ಟೆನ ಖಾಲಿ ಕಳಿಸೋಕಾಗುತ್ತಾ? ನೀವು ಒಂದು ಕೊಟ್ರೆ ಅವರೂ ಒಂದು ಕೊಡ್ಬೇಕು. ನಿಮ್ಮದು ಅಷ್ಟಾದ್ರೆ ಅವರು ಮನೆ ಬಾಗಿಲು ಕಿತ್ತು ಕೊಡ್ಬೇಕಾಗುತ್ತೆ. 'ನಾವು ಅವರ ಸಮಕ್ಕೆ ಇಲ್ಲ ಚಿಕ್ಕಮ್ಮ, ನಾಳೆ ನನ್ನ ಮಗಳು ಆ ಮನೇಲಿ ತಲೆ ತಗ್ಗಿಸ್ಕೊಂಡು ಬದುಕೋದು ಬೇಡ, ಮರ್ಯಾದೆಯಿಂದ ಬಿಟ್ಬಿಡೋಣ' ಅಂದ್ರು."

ಸುಹ್ರೋಬ್ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ. ಅಂಗಳಕ್ಕೆ ಹೋಗಿ ಕಾರಿನ ಹಿಂದಿನ ಚಕ್ರಕ್ಕೆ ಒದ್ದ. ಮೇಷ್ಟ್ರು ಮಗನ ಮುಖ ನೋಡಲಾರದೆ ಫೋನು ಎತ್ತಿಕೊಂಡರು.

"ಬೀಗರೇ, ಡಿಕ್ಕಿ ಖಾಲಿ! ದೇವರಾಣೆ ಖಾಲಿ!"

ಆ ಕಡೆಯಿಂದ ಕಮೋಲಿದ್ದೀನರ ಬಳಲಿದ ದನಿ, ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂದಿದ್ದ ನನಗೂ ಕೇಳಿಸಿತು. "ನಿಮ್ಮ ದೊಡ್ಡತನ, ಮೇಷ್ಟ್ರೇ. ಕೊಡೋ ಜನ ಹಾಗೇ ಹೇಳೋದು. ನನ್ನನ್ನ ಕ್ಷಮಿಸಿ."

ನಾವಿಬ್ಬರೂ ಎನ್ವೆರ್ ಹತ್ತಿರ ಓಡಿದೆವು. ಅವನು ನಕ್ಕ. "ಕತ್ತರಿಸಿದ ಸ್ಪ್ರಿಂಗಿಗೆ ಬೆಸುಗೆ ನಿಲ್ಲಲ್ಲ ಮೇಷ್ಟ್ರೇ. ಹೊಸದು ತಾಷ್ಕೆಂಟಿಂದ ಬರ್ಬೇಕು, ಹತ್ತು ದಿನ. ಇಲ್ಲಿ ಇರೋದು ಮತ್ತೆ ಖರಬೂಜದ್ದೇ ಒಂದು ಜೊತೆ. ಹಾಕ್ಲಾ?"

"ಹಾಕು, ಹಾಕು!" ಎಂದರು ಮೇಷ್ಟ್ರು.

"ಬೇಡ," ಎಂದೆ ನಾನು. "ಇವತ್ತು ತಗ್ಗಿದ್ದ ಕಾರು ನಾಳೆ ಎದ್ದು ನಿಂತ್ರೆ ಜನ ಏನಂತಾರೆ? ಬಂಗಾರಾನ ಇನ್ಯಾರದೋ ಮನೇಲಿ ಇಳಿಸಿದ್ರು, ಬೇರೆ ಹುಡುಗಿ ಗೊತ್ತು ಮಾಡಿದ್ರು ಅಂತಾರೆ."

ಮೇಷ್ಟ್ರು ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕೂತುಬಿಟ್ಟರು. ಜೇಬಿನ ಸೀಮೆಸುಣ್ಣವನ್ನೂ ತೆಗೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಗು ಬರಲಿಲ್ಲ. ಸುಹ್ರೋಬನ ಮೊದಲ ಕೂದಲು ತೆಗೆದವನು ನಾನು.

"ಹೋಗ್ತೀನಿ," ಎಂದರು ಕೊನೆಗೆ. "ಶನಿವಾರ ಬೆಳಿಗ್ಗೆ ಹೋಗ್ತೀನಿ. ಬರಿಗೈಲಿ ಹೋಗ್ತೀನಿ. ಅವರ ಕಣ್ಣೆದುರಿಗೇ ಡಿಕ್ಕಿ ತೆಗೆದು ತೋರಿಸ್ತೀನಿ."

ಹಗಲು ಹೊತ್ತಿನಲ್ಲಿ ಪೈಜಾಮಾ ಇಲ್ಲದೆ ಬೀದಿಗೆ ಹೋಗುತ್ತೇನೆ ಎಂದಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ.

*

ಶನಿವಾರ ಬೆಳಿಗ್ಗೆ ಬಿಸಾರಕ್ಕ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ನಿಂತಿದ್ದರು.

"ರೀ, ಎರಡೇ ಎರಡು. ಬರಿಗೈಲಿ ಹೆಣ್ಣಿನ ಮನೆಗೆ ಹೋದ್ರೆ ಏನಂತಾರೆ? ಇದ್ದ ಸಂಬಂಧಾನೂ ಹೋಗುತ್ತೆ."

"ಎರಡು ರೊಟ್ಟಿ ಕಂಡ್ರೆ ಮಿಕ್ಕಿದ್ದು ಅದರ ಕೆಳಗಿದೆ ಅಂತಾರೆ ಕಣೇ. ಒಂದು ಚೂರೂ ಬೇಡ."

ಜಾಕಿಯನ್ನೂ ಹಳೇ ಬಟ್ಟೆಯನ್ನೂ ತೆಗೆಸಿದರು. ಡಿಕ್ಕಿಯನ್ನು ಗುಡಿಸಿದರು. ಸಾಕ್ಷಿಗೆಂದು ತುರ್ದಿಮುರೋದಜ್ಜನನ್ನೂ ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದರು. ನಾವು ಕೂತದ್ದೇ ತಡ, ಕಾರು ಇನ್ನೆರಡು ಬೆರಳು ಇಳಿಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು ಎದೆಯ ಮೇಲೆ ಕೈಯಿಟ್ಟು ನಮ್ಮನ್ನು ಬೀಳ್ಕೊಟ್ಟರು. ರೊಟ್ಟಿಯಂಗಡಿಯವನ ಕಣ್ಣಲ್ಲಿ ನೀರೇ ಬಂದಿತ್ತು.

"ನಾರ್ಬೂತ," ಎಂದರು ಅಜ್ಜ ದಾರಿಯಲ್ಲಿ, "ನನ್ನ ಹತ್ರ ಮಾತ್ರ ನಿಜ ಹೇಳು. ಎಷ್ಟಿದೆ?"

ಮೇಷ್ಟ್ರು ಗೇರು ಬದಲಿಸಿದರು.

ಕಮೋಲಿದ್ದೀನರ ಮನೆಯ ಮುಂದೆ ನೀರಿನ ಕಾಲುವೆ ಹರಿಯುತ್ತದೆ. ಅದನ್ನು ದಾಟಿ ಗೇಟಿಗೆ ಹೋಗಲು ಎತ್ತಿನ ಭುಜದಂತೆ ಉಬ್ಬಿದ ಒಂದು ಸಣ್ಣ ಸೇತುವೆ. ಮುಂದಿನ ಚಕ್ರ ಹತ್ತಿ ಇಳಿಯಿತು. ಆಮೇಲೆ ಕರ್ರೆಂದು ಸದ್ದಾಗಿ ಕಾರು ಸೇತುವೆಯ ನೆತ್ತಿಯ ಮೇಲೆ ಹೊಟ್ಟೆಯೂರಿ ಮಲಗಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗೇಟಿಗೆ ಪೂರ್ತಿ ಅಡ್ಡ.

ಕಿಟಕಿಯಲ್ಲಿ ಅಜ್ಜಿಯ ಬಿಳಿಯ ತಲೆವಸ್ತ್ರ ಕಂಡಿತು. "ಅಯ್ಯೋ ದೇವರೇ! ಸೇತುವೆಯೇ ಕುಸಿಯೋಷ್ಟು ತಂದವ್ರೆ! ಕಮೋಲ್, ಓಡೋ!"

ಬೀದಿ ಸೇರಿತು. ಕಮೋಲಿದ್ದೀನ್ ಬರಿಗಾಲಲ್ಲಿ ಓಡಿಬಂದರು. ಎರಡೇ ದಿನದಲ್ಲಿ ಅವರ ಕೆನ್ನೆ ಒಳಗೆ ಹೋಗಿತ್ತು. "ಮೇಷ್ಟ್ರೇ, ಬರ್ಬೇಡಿ ಅಂದಿದ್ನಲ್ಲ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಮೊರೆ ಇತ್ತು. ಕೇಳಿ ನನಗೆ ಸಂಕಟವಾಯಿತು.

ಮೇಷ್ಟ್ರು ಇಳಿದು ಜೇಬಿನಲ್ಲಿ ಡಿಕ್ಕಿಯ ಕೀಲಿ ಹುಡುಕತೊಡಗಿದರು. ಅಷ್ಟರಲ್ಲಿ ಅಕ್ಕಪಕ್ಕದ ಎಂಟು ಗಂಡಸರು ತೋಳು ಮಡಿಸಿ ಕಾರಿನ ಹಿಂದೆ ನಿಂತಿದ್ದರು. ಒಬ್ಬ ಕಟುಕ, ಒಬ್ಬ ಇಟ್ಟಿಗೆಯವನು, ಎಲ್ಲ ಗಟ್ಟಿ ಆಳುಗಳು. ನಾನೂ ಅಜ್ಜನೂ ಇಳಿದು ಪಕ್ಕಕ್ಕೆ ಸರಿದೆವು.

"ಸೊಂಟ ಜೋಪಾನ!" ಎಂದ ಕಟುಕ. "ಬಂಗಾರ ಕಣ್ರೋ, ಜೋರಾಗಿ ಎತ್ತಿ! ಬಿಸ್ಮಿಲ್ಲಾ!"

ಎಂಟು ಜನ ಒಂದೇ ಸಲ ಇದ್ದ ಬಲವನ್ನೆಲ್ಲ ಹಾಕಿ ಎತ್ತಿದರು. ಕಾರಿನ ಹಿಂಭಾಗ ಅವರ ಎದೆಮಟ್ಟಕ್ಕೆ ಹಾರಿತು. ಇಬ್ಬರು ಹಿಂದಕ್ಕೆ ಬಿದ್ದರು. ಒಬ್ಬ ಕಾಲುವೆಗೆ ಹೋದ. ಮಿಕ್ಕವರು ಎತ್ತಿ ಹಿಡಿದುಕೊಂಡೇ ಒಬ್ಬರ ಮುಖವನ್ನೊಬ್ಬರು ನೋಡಿದರು.

"ಹಗುರ!" ಎಂದ ಇಟ್ಟಿಗೆಯವನು. ಅವನ ದನಿಯಲ್ಲಿ ಮೋಸ ಹೋದವನ ದುಃಖವಿತ್ತು.

"ಹಗುರನಾ?" ಎಂದರು ಕಮೋಲಿದ್ದೀನ್.

ಕಾರನ್ನು ಹಾಗೇ ಹೊತ್ತು ಗೇಟಿನೊಳಗೆ ಇಳಿಸಿದರು. ಮೇಷ್ಟ್ರು ಡಿಕ್ಕಿಗೆ ಕೀಲಿ ಹಾಕಿ ಮುಚ್ಚಳ ಎತ್ತಿದರು. ಎಲ್ಲರ ತಲೆಗಳೂ ಒಳಗೆ ಹೋದವು. ಗುಡಿಸಿದ ತಗಡು ಥಳಥಳ ಹೊಳೆಯಿತು.

"ಏನೂ ಇಲ್ಲ ಬೀಗರೇ," ಎಂದರು ಮೇಷ್ಟ್ರು ನೆಲ ನೋಡುತ್ತ. "ಬಂಗಾರ ಇಲ್ಲ. ರೊಟ್ಟಿ ಕೂಡ ತಂದಿಲ್ಲ. ಸ್ಪ್ರಿಂಗ್ ಕತ್ತರಿಸ್ದೆ, ಜಾಸ್ತಿ ಕತ್ತರಿಸ್ದೆ. ಕೋಳಿ ಅಂದ್ರಲ್ಲ, ಅದಕ್ಕೆ. ನನಗೆ ಸಂಬಳ ಬಿಟ್ಟು ಬೇರೇನೂ ಇಲ್ಲ. ಹುಡುಗ ಒಳ್ಳೇವನು."

ಕಮೋಲಿದ್ದೀನ್ ಡಿಕ್ಕಿಯೊಳಗೆ ಕೈ ಹಾಕಿ ಮೂಲೆಮೂಲೆ ತಡವಿದರು. ತಳದ ತಗಡನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ನೆಟ್ಟಗೆ ನಿಂತು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ಮನೆಯ ಕಡೆ ತಿರುಗಿ, ಆ ಸಾಧು ಮನುಷ್ಯನ ಗಂಟಲಲ್ಲಿ ಇದೆಯೆಂದು ಯಾರೂ ತಿಳಿಯದಿದ್ದ ದನಿಯಲ್ಲಿ ಕೂಗಿದರು:

"ಏನೂ ತಂದಿಲ್ಲ ಕಣೇ! ಏನಂದ್ರೆ ಏನೂ ತಂದಿಲ್ಲ! ಕಡಾಯಿ ಇಡು, ಪಲಾವು ಮಾಡು!"

ಒಳಗೆ ಯಾರೋ ಅತ್ತರು, ಯಾರೋ ನಕ್ಕರು. ಎರಡೂ ಹೆಣ್ಣು ದನಿಗಳೇ. ನಮ್ಮ ದೇಶದಲ್ಲಿ ಬರಿಗೈಯಲ್ಲಿ ಬಂದವನಿಗೆ ಇಂಥ ಸ್ವಾಗತ ಸಿಕ್ಕಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಮೇಷ್ಟ್ರು ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಅವರಿಗೆ ಬೇಜಾರಾಯ್ತೇನೋ?"

"ಇಲ್ಲ ಮೇಷ್ಟ್ರೇ, ಸುಮ್ನೆ ನಿಂತ್ಕೊಳ್ಳಿ."

"ನಾಳೆ ತನಕ ಯಾಕೆ? ಎಲ್ಲರೂ ಇದೀವಿ, ಈಗಲೇ ರೊಟ್ಟಿ ಮುರಿದುಬಿಡೋಣ," ಎಂದರು ಕಮೋಲಿದ್ದೀನ್. ರಾತ್ರಿ ಕಳೆಯುವುದರೊಳಗೆ ಬೀಗರ ಕಾರಿಗೆ ಇನ್ನೇನಾದರೂ ತುಂಬಿಕೊಂಡೀತೆಂದು ಅವರಿಗೆ ಭಯವಿದ್ದಿರಬೇಕು.

ತುರ್ದಿಮುರೋದಜ್ಜ ಗಡ್ಡ ನೀವಿಕೊಂಡರು. "ಮುರಿಯೋಣ. ಆದ್ರೆ ರೊಟ್ಟಿ ಎಲ್ಲಿ? ಗಂಡಿನ ಕಡೆಯಿಂದ ಬಂದ ರೊಟ್ಟಿ ಆಗ್ಬೇಕು. ನಮ್ಮ ಅಪ್ಪಂದಿರ ಕಾಲದಿಂದ ಹಾಗೇ ಬಂದಿದೆ. ಅದು ತಪ್ಪಿದ್ರೆ ಮುರಿದೂ ಮುರಿಯದ ಹಾಗೆ."

ಎಲ್ಲರೂ ಪೆಚ್ಚಾಗಿ ನಿಂತರು. ಆಗ ಅಜ್ಜಿ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಕಂಕುಳಲ್ಲಿ ಅದೇ ತಾನೇ ತಂದೂರಿನಿಂದ ತೆಗೆದ ಎರಡು ರೊಟ್ಟಿ, ಇನ್ನೂ ಹಬೆಯಾಡುತ್ತಿತ್ತು. ಯಾರನ್ನೂ ನೋಡದೆ ನೇರವಾಗಿ ಕಾರಿನ ಹತ್ತಿರ ಹೋಗಿ, ರೊಟ್ಟಿಗಳನ್ನು ಆ ಖಾಲಿ ಡಿಕ್ಕಿಯ ನಡುವೆ ಜೋಡಿಸಿಟ್ಟು, ಮುಚ್ಚಳವನ್ನು ಧಡ್ಡೆಂದು ಹಾಕಿದರು.

"ಹೂಂ, ಈಗ ತೆಗಿಯೋ ಮಗಾ," ಎಂದರು ಮೇಷ್ಟ್ರಿಗೆ.

ಮೇಷ್ಟ್ರು ತೆಗೆದರು.

"ಬಂತಲ್ಲ, ಗಂಡಿನ ಕಡೆಯಿಂದ!" ಎಂದರು ಅಜ್ಜಿ. "ಇನ್ನೂ ಬಿಸಿಯಾಗಿದೆ. ಪಾಪ, ಅಷ್ಟು ದೂರದಿಂದ ತಂದವ್ರೆ."

ತುರ್ದಿಮುರೋದಜ್ಜ ಒಂದು ಗಳಿಗೆ ಯೋಚಿಸಿದರು. ಆಮೇಲೆ ಬಿಸ್ಮಿಲ್ಲಾ ಹೇಳಿ ರೊಟ್ಟಿ ಮುರಿದರು.